ನಲವತ್ತನಾಲ್ಕು ಹಲ್ಲು

3 ನವೆಂಬರ್ 1959, ಮಂಗಳವಾರ. ಶಿವಮೊಗ್ಗ

ಬೆಳಗ್ಗೆ ರೇಂಜರ್ ಆಫೀಸಿನ ಜೀಪು ಬಂತು. ಸ್ಟೀರಿಂಗ್ ಅಲ್ಲಾಡುತ್ತೆ ಅಂತ ಕಂಪ್ಲೇಂಟ್. ಕೆಳಗೆ ಮಲಗಿ ನೋಡಿದೆ. ಎಡಗಡೆ ಕಿಂಗ್ ಪಿನ್ ಪೂರ್ತಿ ಸವೆದಿದೆ. ಡ್ರೈವರ್ ಪುಟ್ಟಯ್ಯ ಬೀಡಿ ಸೇದ್ತಾ ನಿಂತಿದ್ದ. "ಪಿನ್ನು ಹೋಗಿದೆಯಪ್ಪ" ಅಂದೆ.

"ಸರಿಯಾಗೇ ಹೇಳಿದ್ರಿ ಸಾಬ್ರೇ. ಭದ್ರಾವತೀಲಿ ನಿಮ್ಮ ತಮ್ಮನೂ ಅದೇ ಅಂದ."

ತಮ್ಮ ಹೇಳಿದ್ದು ಸರೀನಾ ಅಂತ ನನ್ನ ಕೇಳಕ್ಕೆ ಬಂದಿದ್ರೆ ಒಂದು ಮಾತು. ನಾನು ಹೇಳೋದು ತಮ್ಮನ ಮಾತಿಗೆ ತಾಳೆ ಆಗುತ್ತಾ ಅಂತ ನೋಡಕ್ಕೆ ಬಂದಿದ್ದಾನೆ.

ಪಿನ್ ಹಾಕಿ ಕಳಿಸಿದೆ. ಚೆನ್ನಾಗೇ ಹಾಕಿದೆ. ಕೆಲಸದ ಮೇಲೆ ಸಿಟ್ಟು ತೀರಿಸಬಾರದು.

7 ನವೆಂಬರ್, ಶನಿವಾರ

ಲಿಂಗಪ್ಪನೋರ ಮೂರನೇ ಲಾರೀನೂ ಭದ್ರಾವತಿಗೆ ಹೋಯ್ತು.

ಮರದ ಕಂಟ್ರಾಕ್ಟರು ಅವರು. ಮೂರು ಡಾಡ್ಜ್. ಯುದ್ಧ ಮುಗಿದ ಮೇಲೆ ಹರಾಜಲ್ಲಿ ಬಂದ ಮಿಲಿಟರಿ ಗಾಡಿ — ಹಿಂದಿನ ಚಕ್ರ, ಮುಂದಿನ ಚಕ್ರ ಎರಡೂ ಎಳೆಯೋವು. ತಂದಾಗ ಐದು ಇದ್ವು, ಒಂದೂ ನೆಟ್ಟಗಿರಲಿಲ್ಲ. ಒಂದರ ಆಕ್ಸಲ್ ಇನ್ನೊಂದಕ್ಕೆ, ಅದರ ಗೇರ್‌ಬಾಕ್ಸ್ ಮತ್ತೊಂದಕ್ಕೆ — ಐದು ಬಿಚ್ಚಿ ಮೂರು ಮಾಡಿದವನು ನಾನು. ಪುಸ್ತಕ ಇಲ್ಲ, ಹೇಳಿಕೊಡೋರು ಇಲ್ಲ. ಆರು ತಿಂಗಳು ಆ ಗಾಡಿಗಳ ಹೊಟ್ಟೆ ಕೆಳಗೇ ಇದ್ದೆ. ತಮ್ಮ ಪೀರ್ ಬಾಷಾ ಆಗ ನನ್ನ ಪಕ್ಕ ಸ್ಪ್ಯಾನರ್ ಕೊಡ್ತಾ ಕೂತಿದ್ದ.

ಲಿಂಗಪ್ಪನೋರು ತುಂಬ ಮರ್ಯಾದೆಯಿಂದಲೇ ಹೇಳಿದ್ರು. "ವಯಸ್ಸಾಯ್ತಲ್ಲ ಮೊಹಿದ್ದೀನ್ ಸಾಬ್ರೇ, ನಿಮಗ್ಯಾಕೆ ತೊಂದ್ರೆ ಅಂತ."

ಐವತ್ತಾರು. ಇದೂ ಒಂದು ವಯಸ್ಸಾ?

ಊಟದ ಹೊತ್ತಲ್ಲಿ ನನ್ನ ಹೆಂಡತಿ ಕರೀಮಾಬಿ ಅಂದಳು — "ತಮ್ಮನ ಹೆಸರು ಎತ್ತಿದ್ರೆ ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತಲ್ಲ, ಯಾಕೆ?" ಕಲ್ಲೇ ಸಿಕ್ತು ಅಂದೆ. ತಟ್ಟೆ ಎಳ್ಕೊಂಡು ಹುಡುಕಿದಳು. ಸಿಗಲಿಲ್ಲ. ನಕ್ಕಳು.

14 ನವೆಂಬರ್, ಶನಿವಾರ

ಭದ್ರಾವತಿಗೆ ಹೋಗಿದ್ದೆ. ಪೀರ್ ಬಾಷಾ ಹೊಸ ಶೆಡ್ ಹಾಕಿದ ಮೇಲೆ ಇದೇ ಮೊದಲು. ಕರೆದು ಕರೆದು ಸಾಕಾಗಿದ್ದ.

ಬಾಗಿಲ ಮೇಲೆ ಬೋರ್ಡು. ಕೆಂಪು ಅಕ್ಷರ, ಹಳದಿ ನೆರಳು. ಒಳಗೆ ಕರೆಂಟಿನ ವೆಲ್ಡಿಂಗ್ ಸೆಟ್ಟು. ನೆಲಕ್ಕೆ ಸಿಮೆಂಟು. ಮಣ್ಣಲ್ಲಿ ನಟ್ಟು ಹುಡುಕೋ ಕಷ್ಟವೇ ಇಲ್ಲ. ನಾನು ಮೂವತ್ತು ವರ್ಷ ಮಣ್ಣು ಜರಡಿ ಹಿಡಿದವನು.

ನಂಬರ್ ಎರಡು ಡಾಡ್ಜ್ ಅಲ್ಲೇ ನಿಂತಿತ್ತು. ಬಾನೆಟ್ ತೆಗೆದಿತ್ತು. ಹತ್ರ ಹೋದೆ. ಕೈ ತಾನಾಗೇ ಕಾರ್ಬೊರೇಟರ್ ಮೇಲೆ ಹೋಯ್ತು. ಪೀರ್ ಬಾಷಾ ಓಡಿ ಬಂದ. "ಭಾಯಿ, ಭಾಯಿ! ಕೂತ್ಕೊಳ್ಳಿ ನೀವು. ಬಿಳೀ ಷರ್ಟು, ಗ್ರೀಸ್ ಆಗುತ್ತೆ." ಕುರ್ಚಿ ತಂದು ಹಾಕಿದ. ಬಟ್ಟೇಲಿ ಒರೆಸಿ ಹಾಕಿದ. ಬಡಿದಿದ್ರೂ ಇಷ್ಟು ನೋಯ್ತಿರಲಿಲ್ಲ.

ಕಾರ್ಖಾನೆ ಕಡೆಯ ತಮಿಳರೊಬ್ಬರು ಬಂದ್ರು. ಅವರಿಗೆ ಹೇಳಿದ — "ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವರು ಇವರೇ." ಅವರು ಕೈ ಮುಗಿದು ಅಂದ್ರು — "ಓ, ಪೀರ್ ಬಾಷಾ ಅವರ ಅಣ್ಣನಾ ನೀವು!"

ಹೌದಪ್ಪ. ಇಷ್ಟು ದಿನ ಅವನು ನನ್ನ ತಮ್ಮ ಆಗಿದ್ದ. ಇನ್ನು ಮೇಲೆ ನಾನು ಅವನ ಅಣ್ಣ.

ಖುರ್ಷಿದ್ ಬೇಗಂ — ತಮ್ಮನ ಹೆಂಡತಿ — ಕೋಳಿ ಸಾರು ಮಾಡಿದ್ದಳು. ಒಳ್ಳೇ ಹೆಣ್ಣು. ಮಿಡ್ಲ್ ಸ್ಕೂಲ್ ತನಕ ಓದಿದ್ದಾಳೆ. ಪೀರ್ ಬಾಷಾನಿಗೆ ಓದು ಹತ್ತಲೇ ಇಲ್ಲ. ನಾನಾದ್ರೂ ಲಾರಿ ನಂಬರು, ಅಂಗಡಿ ಬೋರ್ಡು ನೋಡ್ಕೊಂಡು ಅಕ್ಷರ ಕಲಿತೆ. ಇದೊಂದರಲ್ಲಿ ನಾನು ಮೇಲು. ಬಸ್ಸಲ್ಲಿ ವಾಪಸ್ ಬರ್ತಾ ದಾರಿ ಉದ್ದಕ್ಕೂ ಅದನ್ನೇ ಎಣಿಸ್ಕೊಂಡೆ. ಛೀ.

16 ನವೆಂಬರ್, ಸೋಮವಾರ. ಬೆಳಗ್ಗೆ ಹನ್ನೊಂದು

ಸುಬ್ಬಪ್ಪ ಬಂದಿದ್ದ. ಲಿಂಗಪ್ಪನೋರ ನಂಬರ್ ಎರಡರ ಡ್ರೈವರು. ನಮ್ಮ ಮನೇಲಿ ಹತ್ತು ವರ್ಷದಿಂದ ಚಹಾ ಕುಡಿಯೋನು. ಕೈಯಲ್ಲಿ ಚೀಟಿ, ಖುರ್ಷಿದ್ ಅಕ್ಷರ —

"ಭಾಯಿಗೆ ಸಲಾಂ. ನಂಬರ್ ಎರಡರ ಹಿಂದಿನ ಡಿಫರೆನ್ಷಿಯಲ್ ಪುಡಿಯಾಗಿದೆ. ನಿಮ್ಮ ಹತ್ರ ಇರೋದು ಕಳಿಸಿ. ನೀವು ಕೊಟ್ಟಿದ್ದು ಅಂದ್ರೆ ನಾನು ಬಿಚ್ಚಿ ನೋಡೋದೂ ಬೇಡ."

ಚಹಾ ಕುಡೀತಾ ಸುಬ್ಬಪ್ಪ ಶುರು ಮಾಡಿದ. "ನಿಮ್ಮ ತಮ್ಮ ಸದ್ದು ಕೇಳೇ ಗಾಡಿ ರೋಗ ಹೇಳ್ತಾನೆ ಮಾರಾಯ್ರೇ! ದೊಡ್ಡಾಸ್ಪತ್ರೆ ಡಾಕ್ಟ್ರು ಕೂಡ ಹಂಗೆ ಹೇಳಲ್ಲ."

"ಯಾರ ಹತ್ರ ಕಲಿತನೋ?" ಅಂದೆ.

"ಅದೆಲ್ಲ ಕಲಿತು ಬರೋದಾ ಸಾಬ್ರೇ? ಹುಟ್ತಾನೇ ಬಂದಿರ್ಬೇಕು."

ಎದ್ದು ಹೋದೆ. ಗೋಣಿ ಕೆಳಗೆ ಎರಡು ಡಿಫರೆನ್ಷಿಯಲ್ ಇದ್ವು, ಇಂಜಿನ್ನಿನ ತಿರುಗು ಚಕ್ರಕ್ಕೆ ದಾಟಿಸೋ ಹಲ್ಲುಚಕ್ರದ ಉಂಡೆಗಳು. ಮುಂದೆ ಸಿಕ್ಕಿದ್ದನ್ನ ಎಳೆದು ಹಾಕಿದೆ. ಹೊತ್ಕೊಂಡು ಹೋಗು ಅಂದೆ. ಬಸ್ಸಿನ ಟಾಪ್ ಮೇಲೆ ಕಟ್ಟಿಸ್ಕೊಂಡು ಹೋದ.

ಅದೇ ದಿನ, ಸಂಜೆ ನಾಲ್ಕು

ಎಣಿಸಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಎಣಿಸದೆ ಕೊಟ್ಟೆ.

ನಮ್ಮ ಶೆಡ್ಡಿನ ಕಟ್ಟಳೆ ಅದು. ಡಿಫರೆನ್ಷಿಯಲ್ ಕೊಟ್ಟರೂ ತಗೊಂಡರೂ ಒಳಗಿನ ದೊಡ್ಡ ಚಕ್ರದ ಒಂದು ಹಲ್ಲಿಗೆ ಸುಣ್ಣ ಹಚ್ಚಿ ತಿರುಗಿಸಬೇಕು. ಗಟ್ಟಿಯಾಗಿ ಎಣಿಸಬೇಕು. ಎರಡು ಸಲ. ಹೊರಗಿಂದ ನೋಡಿದ್ರೆ ಎಲ್ಲವೂ ಅವಳಿ. ಲಿಂಗಪ್ಪನೋರ ಗಾಡಿಗಳಿಗೆಲ್ಲ ಮೂವತ್ತೈದು ಹಲ್ಲು, ಹಿಂದೆ, ಮುಂದೆ ಎರಡೂ ಕಡೆ. ಇನ್ನೊಂದು ಜಾತಿ ಇದೆ. ನಲವತ್ತನಾಲ್ಕು.

ಉಳಿದಿದ್ದನ್ನ ಈಗ ಎಣಿಸಿದೆ. ಮೂವತ್ತೈದು. ಮತ್ತೆ ಎಣಿಸಿದೆ. ಮೂವತ್ತೈದೇ.

ಹಾಗಾದ್ರೆ ಹೋಗಿದ್ದು ನಲವತ್ತನಾಲ್ಕು.

ಊರೊಳಗೆ ಓಡಿಸಿದ್ರೆ ಏನೂ ಗೊತ್ತಾಗಲ್ಲ. ಮುಂದಿನ ಚಕ್ರಕ್ಕೆ ಎಳೆತ ಕೊಟ್ಟಿರಲ್ಲ. ಕಾಡಲ್ಲಿ ದಿಬ್ಬ ಹತ್ತೋವಾಗ ಕೊಡಲೇಬೇಕು. ಆಗ ಹಿಂದಿನ ಚಕ್ರ ಒಂದು ಲೆಕ್ಕಕ್ಕೆ ಸುತ್ತುತ್ತೆ, ಮುಂದಿನದು ಇನ್ನೊಂದು ಲೆಕ್ಕಕ್ಕೆ. ಲಾರಿ ಒಂದೇ. ಮಧ್ಯ ಏನೋ ಒಂದು ಮುರೀಲೇಬೇಕು. ಮೇಲೆ ದಿಮ್ಮಿ ಲೋಡು.

ಐದು ಗಂಟೆ ಬಸ್ಸಿದೆ. ಒಂದು ಗಂಟೆ ದಾರಿ.

...ಅವನು ಎಣಿಸೇ ಎಣಿಸ್ತಾನೆ. ಬಿಚ್ಚಿ ನೋಡೋದೂ ಬೇಡ ಅಂದಿದ್ದು ಬಾಯಿಮಾತಿಗೆ. ಸದ್ದು ಕೇಳಿ ರೋಗ ಹೇಳೋನಿಗೆ ಹಲ್ಲು ಎಣಿಸೋದು ಯಾವ ಮಹಾ. ಎಣಿಸಲಿ.

17 ನವೆಂಬರ್, ಮಂಗಳವಾರ

ಹೋಗಲಿಲ್ಲ.

ಹೋಗಿ ಏನನ್ನಲಿ? ಎಣಿಸದೆ ಕೊಟ್ಟೆ ಅಂತ? ಆ ಸಿಮೆಂಟು ನೆಲದ ಮೇಲೆ ನಿಂತು, ಅವನ ಕೆಲಸದವರ ಎದುರಿಗೆ? ಮತ್ತೆ ಕುರ್ಚಿ ಒರೆಸಿ ಹಾಕ್ತಾನೆ.

ಮಧ್ಯಾಹ್ನ ಇನ್‌ಲ್ಯಾಂಡ್ ಕಾಗದ ತಂದು ಬರೆದೆ. ಪ್ರೀತಿಯ ಪೀರ್ ಬಾಷಾನಿಗೆ... ಖುರ್ಷಿದ್ ಕೈ ಸಾರು ಇನ್ನೂ ನಾಲಿಗೆ ಮೇಲಿದೆ ಅಂತ ಬರೆದೆ. ಕರೀಮಾಬಿ ಮಂಡಿನೋವು ಬರೆದೆ. ನಿನ್ನ ಶೆಡ್ ನೋಡಿ ಅಬ್ಬಾಜಾನ್ ಇದ್ದಿದ್ರೆ ಎಷ್ಟು ಹಿಗ್ತಿದ್ರೋ ಅಂತಲೂ ಬರೆದೆ. ಸುಳ್ಳಲ್ಲ ಅದು. ಬರೀತಾ ಕಣ್ಣು ತುಂಬ್ತು. ಆಮೇಲೆ ಹಿಂದುಗಡೆ ಮಡಿಕೆಯಲ್ಲಿ, ಜಾಗ ಉಳಿದಿದ್ದಕ್ಕೆ ಬರೆದ ಹಾಗೆ, ನಾಲ್ಕು ಸಾಲು — ನಿನ್ನೆ ಕೊಟ್ಟದ್ದು ನಲವತ್ತನಾಲ್ಕು ಹಲ್ಲಿನದು. ಮೂವತ್ತೈದರದು ನನ್ನ ಹತ್ರ ಇದೆ. ಕೊಟ್ಟದ್ದನ್ನ ಹಾಕಬೇಡ. ಹಾಕಿದ್ದರೆ ಗಾಡಿ ಬಿಡಬೇಡ.

ಡಬ್ಬಕ್ಕೆ ಹಾಕಿದೆ. ಹೇಳಿದ ಹಾಗಾಯ್ತು.

18 ನವೆಂಬರ್, ಬುಧವಾರ

ಹೇಳಿದ ಹಾಗಾಗಲಿಲ್ಲ. ನನಗೆ ಗೊತ್ತು.

ನನ್ನ ಕಾಗದವನ್ನ ಆ ಮನೇಲಿ ಬಂದ ದಿನ ಒಡೆಯಲ್ಲ. ಗೂಡಿನಲ್ಲಿ ಇಡ್ತಾರೆ. ಶುಕ್ರವಾರ ಜುಮ್ಮಾ ನಮಾಜ್ ಆಗಿ ಊಟ ಆದ ಮೇಲೆ ಎಲ್ಲರೂ ಕೂತು, ಖುರ್ಷಿದ್ ಓದಿ, ಕೇಳಬೇಕು. ಪೀರ್ ಬಾಷಾ ಮಾಡಿದ ಪದ್ಧತಿ. ಭಾಯಿ ಖತ್ ನಿಂತ್ಕೊಂಡು ಓದೋದಲ್ಲ ಅಂತ. ಹೋದ ಶನಿವಾರ ಖುರ್ಷಿದ್ ಹೇಳಿ ನಕ್ಕಿದ್ದಳು. "ನಿಮ್ಮ ಕಾಗದ ಬಂದ ವಾರ ಶುಕ್ರವಾರ ದೂರ ಅನ್ಸುತ್ತೆ ಭಾಯಿ."

ಗೊತ್ತಿದ್ದೇ ಹಾಕಿದೆ. ಬೆಳಗ್ಗೆ ಬಸ್‌ಸ್ಟ್ಯಾಂಡ್ ತನಕ ಹೋದೆ. ಹೊಗೆಸೊಪ್ಪು ತಗೊಂಡು ವಾಪಸ್ ಬಂದೆ.

ಅವನು ಬೀಳಬೇಕು ಅಂತಲ್ಲ. ಒಂದು ಸಲ ತಡವರಿಸಲಿ ಅಂತ. ಒಂದೇ ಸಲ "ಭಾಯಿ, ಇದು ನನಗೆ ತಿಳೀತಿಲ್ಲ, ಬನ್ನಿ" ಅನ್ನಲಿ ಅಂತ.

19 ನವೆಂಬರ್, ಗುರುವಾರ. ಸಂಜೆ

ಸುಬ್ಬಪ್ಪ ದೊಡ್ಡಾಸ್ಪತ್ರೇಲಿದ್ದಾನೆ.

ಲಿಂಗಪ್ಪನೋರೇ ಬಂದು ಹೇಳಿದ್ರು. ಮಧ್ಯಾಹ್ನ ಕಾಡಿನ ದಿಬ್ಬದಲ್ಲಿ, ಲೋಡಿತ್ತು, ಮುಂದಿನ ಚಕ್ರಕ್ಕೆ ಎಳೆತ ಕೊಟ್ಟ. ಲಾರಿ ಒದರಿ ಒದರಿ ಹತ್ತು ಮಾರು ಹೋಯ್ತಂತೆ. ಆಮೇಲೆ ಈಡು ಹೊಡೆದ ಹಾಗೆ ಸದ್ದು. ಹಿಂದಕ್ಕೆ ಜಾರ್ತು. ಹಾರಿದ. ಬಲಗಾಲ ಮೇಲೆ ಒಂದು ದಿಮ್ಮಿ.

ಹೋಗಿ ನೋಡಿದೆ. ಮಂಡಿ ಕೆಳಗೆ ಎರಡು ಕಡೆ ಮುರಿದಿದೆ. ಕಾಲು ಉಳಿಯುತ್ತೆ, ಬ್ರೇಕ್ ಒತ್ತೋದು, ಆಕ್ಸಿಲರೇಟರ್ ಒತ್ತೋದು ಹೇಳಕ್ಕಾಗಲ್ಲ ಅಂದ್ರಂತೆ ಡಾಕ್ಟ್ರು. ಹೆಂಡತಿ ದುರ್ಗಮ್ಮ ನೆಲದ ಮೇಲೆ ಕೂತಿದ್ದಳು. ಸುಬ್ಬಪ್ಪ ನನ್ನ ನೋಡಿ ನಗಕ್ಕೆ ನೋಡಿದ. "ಸಾಬ್ರೇ, ನಿಮ್ಮ ತಮ್ಮನಿಗೆ ಈ ಸಲ ಸದ್ದು ಕೇಳ್ಸಲಿಲ್ಲ ಅನ್ಸುತ್ತೆ."

ಹೊರಗೆ ಲಿಂಗಪ್ಪನೋರು ಅಂದ್ರು — "ನಾಳೆಯಿಂದ ಮೂರೂ ಗಾಡಿ ನಿಮ್ಮ ಶೆಡ್ಡಿಗೇ ಸಾಬ್ರೇ. ನಂದೇ ತಪ್ಪಾಯ್ತು."

ಆ ಮಾತು ಕಿವಿಗೆ ಬಿದ್ದಾಗ ಒಳಗೆ ಒಂದು ತಂಪು. ಬರೀಬೇಕು ಇದನ್ನ. ಒಂದು ಕ್ಷಣ ಖುಷಿ ಆಯ್ತು. ತೌಬಾ.

20 ನವೆಂಬರ್, ಶುಕ್ರವಾರ. ಭದ್ರಾವತಿ, ಮಧ್ಯಾಹ್ನ ಎರಡೂವರೆ

ಮೊದಲ ಬಸ್ಸಿಗೆ ಬಂದೆ. ಶೆಡ್ ಬಾಗಿಲು ಹಾಕಿತ್ತು. ಪೀರ್ ಬಾಷಾ ಅಂಗಳದಲ್ಲಿ ಕೂತಿದ್ದ. ಗಡ್ಡ ತೆಗೆದಿರಲಿಲ್ಲ.

"ಭಾಯಿ, ನಿನ್ನೆ ಸಂಜೆ ದಿಬ್ಬಕ್ಕೆ ಹೋಗಿ ಬಿಚ್ಚಿ ನೋಡಿದೆ. ನಲವತ್ತನಾಲ್ಕಿತ್ತು. ನಾನು ಎಣಿಸಲಿಲ್ಲ."

"ಕೊಟ್ಟವನು ನಾನಲ್ವಾ?" ಅಂದೆ. ಅಷ್ಟೇ ಬಂತು ಬಾಯಿಗೆ.

"ನೀವು ಒಂದು ಸಲ ಮರೆತಿರಬಹುದು. ಹಾಕಿದ ಕೈ ನಂದು. ಎಣಿಸು ಎಣಿಸು ಅಂತ ಬಡ್ಕೊಂಡು ಕಲಿಸಿದವರು ನೀವು. ಲಿಂಗಪ್ಪನೋರಿಗೂ ಅದನ್ನೇ ಹೇಳಿದೀನಿ, ನಿಮ್ಮ ಹೆಸರು ಎತ್ತಿಲ್ಲ. ಸುಬ್ಬಪ್ಪನ ಮನೆ ನಾನು ನೋಡ್ಕೋತೀನಿ." ಶೆಡ್ ಬಾಗಿಲ ಕಡೆ ತಿರುಗಿದ. "ಶೆಡ್ ಬಿಟ್ಟುಬಿಡ್ತೀನಿ ಭಾಯಿ. ಮತ್ತೆ ನಿಮ್ಮ ಕೈಕೆಳಗೇ ಬರ್ತೀನಿ. ನನಗೆ ಅಷ್ಟೇ ಸರಿ."

ಇಷ್ಟು ದಿನ ಬೇಡಿದ್ದು ಇದೇ. ಅಕ್ಷರಕ್ಕೆ ಅಕ್ಷರ ಇದೇ.

ಜುಮ್ಮಾಕ್ಕೆ ಜೊತೇಲಿ ಹೋದ್ವಿ. ಭುಜಕ್ಕೆ ಭುಜ ತಾಗಿಸಿ ನಿಂತೆ. ಏನು ಓದಿದೆನೋ ನೆನಪಿಲ್ಲ. ಊಟ ಆಯ್ತು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಈಗ ಚಾಪೆ ಹಾಸಿದ್ದಾರೆ. ಗೂಡಿನಿಂದ ಕಾಗದ ತಂದಳು ಖುರ್ಷಿದ್. ಇವತ್ತು ಬೇಡ ಅಂದೆ. ಪೀರ್ ಬಾಷಾ ಕೇಳಲಿಲ್ಲ — "ಇವತ್ತೇ ಬೇಕು ಭಾಯಿ. ನಿಮ್ಮ ಒಂದು ಒಳ್ಳೇ ಮಾತು ಕೇಳಬೇಕು." "ಹಾಗಾದ್ರೆ ಭಾಯೀನೇ ಓದ್ಲಿ, ಎದುರಿಗೇ ಇದ್ದಾರಲ್ಲ" ಅಂತ ನನ್ನ ಕೈಗೆ ಕೊಟ್ಟು ಚಹಾ ತರಕ್ಕೆ ಒಳಗೆ ಹೋದಳು.

ಒಡೆದು ತೊಡೆ ಮೇಲೆ ಇಟ್ಕೊಂಡಿದ್ದೀನಿ. ಅದರ ಮೇಲೆ ಈ ಡೈರಿ. ಏನೋ ಪಾರ್ಟ್ಸ್ ಬರ್ಕೊಳ್ತಿದ್ದೀನಿ ಅಂದ್ಕೊಂಡಿದ್ದಾನೆ ಪೀರ್ ಬಾಷಾ. ಕಾಯ್ತಾ ಕೂತಿದ್ದಾನೆ.

ಮೊದಲ ಪುಟ ಎಲ್ಲ ಪ್ರೀತಿ. ಹಿಂದುಗಡೆ ಮಡಿಕೆ ಬಿಟ್ಟು ಓದಿದ್ರೆ ಯಾರಿಗೂ ತಿಳಿಯಲ್ಲ. ಇವನಿಗೆ ಓದಕ್ಕೆ ಬರಲ್ಲ. ಅವಳು ಇನ್ನೂ ಒಲೆ ಹತ್ರ ಇದ್ದಾಳೆ. ತಾರೀಖು ಮೇಲೆ ಇದೆ, ಹದಿನೇಳು. ಈಗಲೇ ಶುರು ಮಾಡಿ, ಅವಳು ಬರೋದ್ರೊಳಗೆ ಮುಗಿಸಿ, ಜೇಬಿಗೆ ಹಾಕ್ಕೊಂಡ್ರೆ...

ಇಲ್ಲ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ. ಅವಳು ಬರಲಿ. ಅವಳ ಕೈಗೇ ಕೊಡ್ತೀನಿ, ಮಡಿಕೆಯಿಂದ ಶುರು ಮಾಡಮ್ಮ ಅಂತೀನಿ.

ಲೋಟದ ಸದ್ದು. ಬಂದಳು —