ಹುಲುಗೇಶನಿಗೆ ಒಂದು ಹಿಡಿ ಮಣ್ಣು

ತಮ್ಮಾ ಹುಲುಗೇಶ,

ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಕೊಟ್ಟೂರಿನಲ್ಲಿ ಬಸ್ ಹತ್ತುವಾಗ ಅವ್ವ ಕೊಟ್ಟ ಕಂಬಳಿಯನ್ನು ನನ್ನ ಕೈಗೆ ತುರುಕಿ, "ಸಮುದ್ರದಾಗ ಸೆಕಿ ಇರ್ತೈತಕ್ಕಾ, ಇದನ್ನ ಕುರಿಮರಿಗೆ ಹೊದಿಸು" ಎಂದು ನಕ್ಕೆಯಲ್ಲ, ಆ ನಗುವಿನ ಮೇಲೆ ಸಿಟ್ಟು.

ಕಡಲಿನೊಳಗೆ ಗ್ಯಾಸ್ ಬಾವಿ ಕೊರೆದಿದ್ದಾರೆ, ಅಲ್ಲಿಂದ ದಂಡೆಯವರೆಗೆ ಪೈಪು ಬೆಸೆಯುವ ವೆಲ್ಡಿಂಗ್ ಕೆಲಸ ಎಂದಿದ್ದೆ ನೀನು. "ನಮ್ಮೂರಾಗ ನೀರಿಗೆ ಬೋರ್ ಹಾಕ್ತಾರ, ನೀನು ನೀರಾಗ ಬೋರ್ ಹಾಕಾಕ ಹೊಂಟಿಯೇನಲೇ" ಎಂದು ಛೇಡಿಸಿದ್ದೆ ನಾನು. "ಸಣ್ಣ ಬಾವಿ ಐತಕ್ಕಾ. ದೀಪಾವಳಿಗೆ ಗ್ಯಾಸ್ ದಂಡಿಗೆ ಬರ್ತೈತಿ, ಅದರ ಬೆನ್ನಿಗೇ ನಾನೂ ಬರ್ತೀನಿ" ಎಂದೆ ನೀನು. ಗ್ಯಾಸೂ ಬರಲಿಲ್ಲ, ನೀನೂ ಬರಲಿಲ್ಲ.

ಬಿರುಗಾಳಿಗೆ ಪೈಪು ಹಾಸುವ ಬಾರ್ಜ್ ಹಡಗು ವಾಲಿ ನೀನು ನೀರಿಗೆ ಬಿದ್ದೆ ಎಂದು ಫೋನ್ ಬಂತು. ಆಮೇಲೆ ಇನ್ನೊಂದು ಫೋನ್: ದಂಡೆಗೆ ಒಂದು ಹೆಣ ಬಂದಿದೆ, ಅವನೇ ಇರಬೇಕು. ದೂರದಿಂದ ಬರುವ ಹೆಣವನ್ನು ಕಾಯಿಸಬಾರದೆಂದು ನಾವು ಆತುರಗೇಡಿಗಳು ಅಪ್ಪನ ಗೋರಿಯ ಪಕ್ಕದಲ್ಲೇ ಕುಣಿ ತೋಡಿಸಿದೆವು. ಅದು ಬೇರೆ ಯಾವ ತಾಯಿಯ ಮಗನೋ ಎಂದು ಸಂಜೆಗೆ ತಿಳಿಯಿತು.

ತೋಡಿದ ಕುಣಿಯನ್ನು ಬರಿದೇ ಬಿಟ್ಟರೆ ಅದು ಮನೆಯ ಇನ್ನೊಬ್ಬರನ್ನು ಬೇಡುತ್ತದೆ ಎನ್ನುವ ನಮ್ಮ ಜನರ ಮಾತು ನಿನಗೆ ಗೊತ್ತು. "ಅವನ ಅಂಗಿ ಇಟ್ಟು ಮುಚ್ರಿ" ಎಂದ ಬೊಮ್ಮಯ್ಯ ಮಾವ. ಅವ್ವ ಕುಣಿಯ ಅಂಚಿನಲ್ಲಿ ಕುಳಿತೇಬಿಟ್ಟಳು. "ದೋಣಿಗಳು ಇನ್ನ ಹುಡುಕಾಕ ಹತ್ಯಾವ. ಬೇಡಿದ್ರ ನನ್ನ ಬೇಡಲಿ, ಮುಚ್ಚಾಕ ಬಿಡಂಗಿಲ್ಲ" ಎಂದಳು. ದಿನಾ ಬೆಳಗ್ಗೆ ಹೋಗಿ ಕುಣಿಯೊಳಗೆ ಬಿದ್ದ ಕಸ ತೆಗೆದು ಬರುತ್ತಿದ್ದಳು.

ಮೊನ್ನೆ ನಿನ್ನ ಜೊತೆಗಾರ ಮಾರೇಶ್ ಬಂದಿದ್ದ. ಬಾವಿಯಲ್ಲಿ ಎಣಿಸಿದಷ್ಟು ಗ್ಯಾಸ್ ಇಲ್ಲವಂತೆ, ಪೈಪಿನ ಖರ್ಚೂ ಹುಟ್ಟುವುದಿಲ್ಲವಂತೆ. ಸಿಮೆಂಟ್ ಇಳಿಸಿ ಬಾವಿ ಮುಚ್ಚಿ, ಬಾರ್ಜು, ನಿನ್ನನ್ನು ಹುಡುಕುತ್ತಿದ್ದ ದೋಣಿ ಎಲ್ಲ ವಾಪಸ್ ಹೋದವಂತೆ. ನೀನು ಯಾವುದಕ್ಕೆ ಸತ್ತೆಯೋ ಅದೇ ಬೇಡವಾಯಿತಲ್ಲೋ ತಮ್ಮಾ.

ಅವ್ವ ಅಳಲಿಲ್ಲ. ಎದ್ದು ಹೋಗಿ ನಿನ್ನ ಕಂಬಳಿ ತಂದಳು. "ಅಲ್ಲೇ ಮುಚ್ಚಿದ ಮ್ಯಾಲ ಇಲ್ಲೂ ಮುಚ್ರಿ" ಎಂದಳು. ಕಂಬಳಿಯನ್ನು ಕುಣಿಯಲ್ಲಿ ಹಾಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ನಾನು ಹಾಕಲಿಲ್ಲ. ನೀನಿರುವಲ್ಲೇ ಹಾಕಬೇಕೆಂದು ನನ್ನ ಹಿಡಿ ಮಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಾರೇಶನನ್ನು ಕೇಳಿದೆ. "ಅಲ್ಲಿಗೆ ಈಗ ಯಾವ ದೋಣೀನೂ ಹೋಗಂಗಿಲ್ಲಕ್ಕಾ" ಎಂದ.

ಗಂಟು ಇನ್ನೂ ಬಿಚ್ಚಿಲ್ಲ. ಎಲ್ಲೇ ಇರು, ಬೆಚ್ಚಗಿರು ಎಂದು ಹರಸಬೇಕು. ಕಂಬಳಿಯನ್ನೂ ಹೂತು ಬಂದವಳು ಯಾವ ಬಾಯಿಂದ ಹರಸಲಿ?

ನಿನ್ನ ಅಕ್ಕ,
ಹೊನ್ನೂರಮ್ಮ