ಪರದೆಯ ಹಿಂದಿನ ಕುರ್ಚಿಗಳು

ಅಪ್ಪಾ,

ನೀನಿರುವಲ್ಲಿಗೆ ಟಪಾಲು ಬರುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮಕ್ಕಳ ಆಸ್ಪತ್ರೆಗೆ ದೇಣಿಗೆ ಎತ್ತುವ ಸಂಜೆಯ ಉಸ್ತುವಾರಿ ನನ್ನದು. ಕರೆದವರಲ್ಲಿ ಅರ್ಧದಷ್ಟೂ ಜನ ಬರಲಿಲ್ಲ. ಆದರೆ ನಾನು ಬಾಡಿಗೆ ಕುರ್ಚಿ ಕೊಡುತ್ತಿದ್ದವನ ಮಗಳಲ್ಲವೇ! ನಿನ್ನ ಹಾಗೆಯೇ ಕೆಲವನ್ನಷ್ಟೇ ಹಾಕಿಸಿ, ಉಳಿದವನ್ನು ಪರದೆಯ ಹಿಂದೆ ಪೇರಿಸಿಟ್ಟಿದ್ದೆ. ಜನ ಬಂದ ಹಾಗೆ ಒಂದೊಂದೇ ಹೊರಗೆ ತರಿಸಿದೆ. "ಸ್ವಲ್ಪ ಆ ಕಡೆ ಸರೀರಿ, ಇನ್ನೂ ಒಬ್ರು ಬಂದ್ರು" ಎನ್ನುತ್ತ ಎಲ್ಲರೂ ಒತ್ತೊತ್ತಾಗಿ ಕೂತರು. ಸಭಾಂಗಣ ತುಂಬಿ ತುಳುಕಿದಂತೆ ಕಂಡಿತು. ಗಂಟುಮೋರೆಯವರೂ ಕೈ ಬಿಚ್ಚಿದರು. ಈ ಸಂಜೆಯನ್ನು ಉಳಿಸಿದ್ದು ನೀನು.

"ಈ ವಿದ್ಯೆ ಎಲ್ಲಿ ಕಲಿತ್ರಿ?" ಎಂದು ದೊಡ್ಡ ಡಾಕ್ಟರಮ್ಮ ಕೇಳಿದರು.

"ನಮ್ಮಪ್ಪನ ಹತ್ರ. ಕುರ್ಚಿ ಬಾಡಿಗೆಗೆ ಕೊಡ್ತಿದ್ರು" ಎಂದೆ. ಹಿಂದೆಲ್ಲ ಹೇಳಲು ನಾಚುತ್ತಿದ್ದ ಆ ಮಾತು ಇವತ್ತು ಎಷ್ಟು ಸಲೀಸಾಗಿ ಬಂತು ಗೊತ್ತಾ!

"ಹಾಗಾದ್ರೆ ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ. ಮೊದಲನೇ ಸಾಲಲ್ಲೇ ಕೂರಿಸೋಣ."

"ಅವರು ಕೂರೋರಲ್ಲ ಮೇಡಂ, ಬಾಗಿಲ ಹತ್ರಾನೇ ನಿಂತಿರ್ತಾರೆ."

ಹೇಳುತ್ತಲೇ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ನನ್ನ ಮದುವೆಯ ದಿನವೂ ನೀನು ಛತ್ರದ ಬಾಗಿಲಲ್ಲೇ ನಿಂತು, ಬಂದವರನ್ನು ಎಣಿಸುತ್ತ ಕುರ್ಚಿ ತರಿಸುತ್ತಿದ್ದೆ.