ಅತ್ತೆಯ ಕೋಣೆಯ ಸ್ವಿಚ್ಚು

ರೀ,

ಹಾಲು ಉಕ್ಕುವುದರೊಳಗೆ ಇಷ್ಟು ಗೀಚಿ ಕೆಲಸಕ್ಕೆ ಹೊರಡುತ್ತೇನೆ. ಅತ್ತೆಯ ಕೋಣೆಯ ಸ್ವಿಚ್ಚನ್ನು ಇನ್ನು ಗುದ್ದಬೇಡಿ, ಬೆರಳಲ್ಲಿ ಒತ್ತಿದರೆ ಸಾಕು. "ಭಾನುವಾರ ನೋಡೋಣ" ಎನ್ನುವ ನಿಮ್ಮ ಭಾನುವಾರ ಬರುವ ಲಕ್ಷಣ ಕಾಣಲಿಲ್ಲ. ನಿನ್ನೆ ಅತ್ತೆ ಕತ್ತಲಲ್ಲಿ ತಡಕಾಡಿ ಮೊಣಕಾಲನ್ನು ಮಂಚಕ್ಕೆ ಬಡಿದುಕೊಂಡರು. ಅದಕ್ಕೇ ಬೆಳಿಗ್ಗೆ ಅತ್ತೆ ಏಳುವ ಮೊದಲೇ ಎದ್ದು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಫ್ಯಾನು ನಿಂತರೂ ನಿಮ್ಮ ಗೊರಕೆ ನಿಲ್ಲಲಿಲ್ಲ.

ಒಂದೇ ಎಡವಟ್ಟು, ಸ್ವಿಚ್ಚು ತಲೆಕೆಳಗಾಗಿ ಕೂತುಬಿಟ್ಟಿದೆ. ಲೈಟು ಹಾಕಲು ಕೆಳಗೆ ಒತ್ತುವ ಬದಲು ಮೇಲೆ ಒತ್ತಬೇಕು. ನಗಬೇಡಿ, ಬಿಚ್ಚಲೂ ಹೋಗಬೇಡಿ. ಸಂಜೆ ಬಂದು ನಾನೇ ತಿರುಗಿಸುತ್ತೇನೆ.

ಲೈಟು ಹತ್ತಿದ್ದೇ ತಡ, ಅತ್ತೆಯ ಮುಖ ಅರಳಿತು. "ನೋಡಿದ್ಯೇನೇ, ನನ್ನ ಮಗ ಮನಸ್ಸು ಮಾಡಿದ್ರೆ ಆಯ್ತು!" ಎಂದರು. ನಿಜ ಹೇಳಿ ಆ ಖುಷಿಯನ್ನು ಕೆಡಿಸಬೇಡಿ, ನಾನಂತೂ ಹೇಳುವುದಿಲ್ಲ. ಬದಲಿಗೆ ಅವರ ಮೊಣಕಾಲಿಗೆ ನೀವೇ ಮುಲಾಮು ಹಚ್ಚಿ.

ಸ್ಕ್ರೂಡ್ರೈವರ್ ಹುಡುಕಬೇಡಿ. ಇನ್ನು ಮೇಲೆ ಅದು ನನ್ನ ಹೊಲಿಗೆ ಡಬ್ಬದಲ್ಲಿರುತ್ತದೆ. ಬೇಕಿದ್ದರೆ ನನ್ನನ್ನು ಕೇಳಿ.